ಬ್ಯಾಂಡ್ ಸಾ ಬ್ಲೇಡ್ ದಾರಿ ತಪ್ಪುವುದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೇಲೊಂದು ಕೆಳಗೊಂದು ಚಕ್ರ, ಎರಡನ್ನೂ ಸುತ್ತಿ ಓಡುವ ಹಲ್ಲಿನ ಉಕ್ಕಿನ ಪಟ್ಟಿ: ಇದೇ ಮರ ಕೊಯ್ಯುವ ಬ್ಯಾಂಡ್ ಸಾ, ಆ ಪಟ್ಟಿಯೇ ಬ್ಲೇಡ್. ನಾನು ಮೊದಲು ಒಂದು ಸಾ ಮಿಲ್‌ನಲ್ಲಿ 36 ಇಂಚು ಚಕ್ರದ ಬ್ಯಾಂಡ್ ಸಾ ಮೇಲೆ ಕೆಲಸ ಕಲಿತೆ. ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ದಿಮ್ಮಿಗಳನ್ನು ಹಲಗೆ ಮಾಡುವುದೇ ಕೆಲಸ. ಈಗ ನನ್ನದೇ ಸಣ್ಣ ಮರಗೆಲಸದ ಶೆಡ್ ಇದೆ, 14 ಇಂಚು ಮೆಷಿನ್ ಇದೆ. ಫೋನ್ ಮಾಡುವವರು ಹತ್ತರಲ್ಲಿ ಎಂಟು ಜನ ಒಂದೇ ಮಾತು ಹೇಳುತ್ತಾರೆ: "ಗೈಡ್ ಫುಲ್ ಟೈಟ್ ಮಾಡಿದೀನಿ ಅಣ್ಣ, ಆದ್ರೂ ಸೊಟ್ಟ ಹೋಗ್ತಿದೆ." ಗೈಡ್ ಅಂದರೆ ಬ್ಲೇಡ್ ಅಲುಗದ ಹಾಗೆ ಮರದ ಮೇಲೂ ಕೆಳಗೂ ಅದರ ಪಕ್ಕಕ್ಕೆ, ಹಿಂದಕ್ಕೆ ಆನಿಸಿದ ತುಂಡುಗಳು. ಗೈಡ್ ಬಿಡಿ, ಹಲ್ಲಿನ ಅಂಚು ನೋಡಿ ಅನ್ನುವುದು ನನ್ನ ಉತ್ತರ. ಯಾಕೆ ಹಾಗೆ ಅನ್ನುವುದನ್ನೇ ಕೆಳಗೆ ಬರೆದಿದ್ದೇನೆ.

ಇಷ್ಟು ಜೋರಾಗಿ ತಿರುಗುವ ಚಕ್ರದಿಂದ ಬ್ಲೇಡ್ ಯಾಕೆ ಜಾರಿ ಬೀಳುವುದಿಲ್ಲ?

ಹಳೇ ಹಿಟ್ಟಿನ ಗಿರಣಿಯಲ್ಲಿ ಪಟ್ಟೆ ಬೆಲ್ಟ್ ಓಡುತ್ತಿತ್ತಲ್ವಾ? ಮೆಷಿನ್ ನಿಂತಾಗ ಅದರ ಪುಲ್ಲಿ ಮೇಲೆ ಅಡ್ಡಡ್ಡ ಬೆರಳು ಆಡಿಸಿದರೆ ನಡುವೆ ಸಣ್ಣ ಉಬ್ಬು ಸಿಗುತ್ತದೆ. ಎರಡೂ ಅಂಚು ತಗ್ಗು, ಮಧ್ಯ ಎತ್ತರ. ಸಣ್ಣ ಬ್ಯಾಂಡ್ ಸಾ ಚಕ್ರದ ರಬ್ಬರ್ ಟೈರ್ ಕೂಡ ಹಾಗೇ ಇರುತ್ತದೆ.

ಉಬ್ಬಿನಿಂದ ಬೆಲ್ಟ್ ಕೆಳಗೆ ಜಾರಬೇಕಿತ್ತು ಅಂತ ಅನ್ನಿಸುತ್ತದೆ. ಆಗುವುದು ಉಲ್ಟಾ. ಬೆಲ್ಟ್ ಎತ್ತರದ ಕಡೆಗೇ ಏರುತ್ತದೆ. ನಂಬಿಕೆ ಬರದಿದ್ದರೆ ಅಡುಗೆಮನೆಯಿಂದ ಬಾಯಿ ಅಗಲ, ತಳ ಸಣ್ಣ ಇರುವ ಸ್ಟೀಲ್ ಲೋಟ ತನ್ನಿ. ಒಂದು ಇಂಚು ಅಗಲದ, ನೇರವಾಗಿ ಕತ್ತರಿಸಿದ ಕಾಗದದ ಪಟ್ಟಿಯ ಮಧ್ಯಭಾಗವನ್ನು ಲೋಟಕ್ಕೆ ಅಡ್ಡಲಾಗಿ ಒತ್ತಿ ಹಿಡಿಯಿರಿ. ಈಗ ಎರಡೂ ತುದಿಗಳನ್ನು ಸುಕ್ಕು ಬೀಳದ ಹಾಗೆ ಲೋಟದ ಸುತ್ತ ಅಂಟಿಸುತ್ತಾ ಹೋಗಿ. ತುದಿಗಳು ತಾವಾಗಿಯೇ ಅಗಲ ಬಾಯಿಯ ಕಡೆ ಹೋಗುತ್ತವೆ. ನೀವು ತಳ್ಳಿಲ್ಲ, ಲೋಟದ ಆಕಾರವೇ ಹಾಗೆ ಮಾಡಿಸಿತು.

ಚಕ್ರದ ಮೇಲೂ ಇದೇ ಕಥೆ. ಬ್ಲೇಡ್ ಉಬ್ಬಿನ ಒಂದು ಇಳಿಜಾರಿಗೆ ಸರಿದರೆ, ಚಕ್ರಕ್ಕೆ ಹೊಸದಾಗಿ ಬಂದು ಕೂರುವ ಭಾಗ ಸ್ವಲ್ಪ ಎತ್ತರದ ಕಡೆ ಕೂರುತ್ತದೆ. ಅಲ್ಲೇ ಅಂಟಿಕೊಂಡು ಸುತ್ತು ಬರುತ್ತದೆ. ಅದರ ಹಿಂದೆ ಬರುವುದು ಇನ್ನೂ ಸ್ವಲ್ಪ ಮೇಲೆ. ಕೆಲವೇ ಸುತ್ತಿನಲ್ಲಿ ಬ್ಲೇಡ್ ಉಬ್ಬಿನ ನೆತ್ತಿಗೆ ಬಂದು ನಿಲ್ಲುತ್ತದೆ.

ಇದು ನಡೆಯಬೇಕಾದರೆ ಬ್ಲೇಡ್ ಚಕ್ರವನ್ನು ಬಿಗಿಯಾಗಿ ಅಪ್ಪಿಕೊಂಡಿರಬೇಕು. ಸಡಿಲ ಬ್ಲೇಡ್‌ಗೆ ಉಬ್ಬು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ದೊಡ್ಡ ಮಿಲ್ ಚಕ್ರದಲ್ಲಿ ಉಬ್ಬೇ ಕಾಣಿಸುವುದಿಲ್ಲವಲ್ಲ?

ಹೌದು, ಅವು ಬಹಳ ಸಲ ಚಪ್ಪಟೆ, ಅಥವಾ ಕಣ್ಣಿಗೆ ಕಾಣದಷ್ಟು ಉಬ್ಬು. 4 ಇಂಚು ಅಗಲದ ಬ್ಲೇಡ್ ದೊಡ್ಡ ಉಬ್ಬಿನ ಮೇಲೆ ಕೂತರೆ ನಡುವೆ ಮಾತ್ರ ಮುಟ್ಟಿ, ಎರಡೂ ಅಂಚು ಗಾಳಿಯಲ್ಲಿ ಇರುತ್ತವೆ. ಅಲ್ಲಿ ಮೇಲಿನ ಚಕ್ರದ ವಾಲು ಮತ್ತು ಬ್ಲೇಡ್ ಒಳಗೇ ತುಂಬಿದ ಬಿಗಿ, ಎರಡೂ ಸೇರಿ ಕೆಲಸ ಮಾಡುತ್ತವೆ. ಬಿಗಿ ತುಂಬುವುದು ಅಂದರೇನು ಅಂತ ಮುಂದೆ ಹೇಳುತ್ತೇನೆ.

ಇನ್ನೊಂದು ವ್ಯತ್ಯಾಸ ಇದೆ. ಮಿಲ್ ಬ್ಲೇಡ್‌ನ ಹಲ್ಲುಗಳು ಚಕ್ರದ ಅಂಚಿನಿಂದ ಹೊರಗೆ ಇರುತ್ತವೆ. ಕಬ್ಬಿಣದ ಚಕ್ರದ ಮೇಲೆ ಹಲ್ಲು ಕೂತರೆ ಅವಕ್ಕೆ ಕೊಟ್ಟ ಸೆಟ್ (ಹಲ್ಲುಗಳನ್ನು ಎಡಕ್ಕೂ ಬಲಕ್ಕೂ ಚೂರು ಬಾಗಿಸಿರುವುದು) ಜಜ್ಜಿ ಹೋಗುತ್ತದೆ. ಸಣ್ಣ ಮೆಷಿನ್‌ನಲ್ಲಿ ರಬ್ಬರ್ ಟೈರ್ ಇರುವುದರಿಂದ ಹಲ್ಲು ಒಳಗಿದ್ದರೂ ಪರವಾಗಿಲ್ಲ.

ಟ್ರ್ಯಾಕಿಂಗ್ ನಾಬ್ ಯಾವ ಕಡೆ ತಿರುಗಿಸಬೇಕು?

ಟ್ರ್ಯಾಕಿಂಗ್ ಅಂದರೆ ಬ್ಲೇಡ್ ಚಕ್ರದ ಮೇಲೆ ಸರಿಯಾದ ಜಾಗದಲ್ಲಿ ಓಡುವ ಹಾಗೆ ಮಾಡುವುದು. ನಾಬ್ ಮೇಲಿನ ಚಕ್ರವನ್ನು ಹಿಂದಕ್ಕೋ ಮುಂದಕ್ಕೋ ವಾಲಿಸುತ್ತದೆ, ಅಷ್ಟೇ. ಚಕ್ರದ ತಲೆ ಹಿಂದಕ್ಕೆ ವಾಲಿದರೆ ಬ್ಲೇಡ್ ಹಿಂದಕ್ಕೆ ಹೋಗುತ್ತದೆ. ಮುಂದಕ್ಕೆ ವಾಲಿದರೆ ಮುಂದಕ್ಕೆ. ಬಲವೋ ಎಡವೋ ಅನ್ನುವುದು ಮೆಷಿನ್ ಮೇಲೆ ಹೋಗುತ್ತದೆ. ಒಂದು ಸಲ ನೋಡಿಕೊಂಡು ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಬಾಣ ಬರೆದಿಡಿ. ಕಾಲು ಸುತ್ತು ತಿರುಗಿಸಿ, ಚಕ್ರವನ್ನು ಕೈಯಿಂದ ಐದಾರು ಸುತ್ತು ಹಾಕಿ, ನೋಡಿ, ಮತ್ತೆ ತಿರುಗಿಸಿ. ಅವಸರ ಬೇಡ.

ಕೊಯ್ಯುವಾಗ ಬ್ಲೇಡನ್ನು ನೇರವಾಗಿ ಇಡುವುದು ಗೈಡ್ ಅಲ್ವಾ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಮೇಲಿನ ಗೈಡ್‌ಗೂ ಕೆಳಗಿನ ಗೈಡ್‌ಗೂ ನಡುವೆ ಬ್ಲೇಡ್ ಒಂಟಿಯಾಗಿ ನಿಂತಿರುತ್ತದೆ. ಮರ ಅದನ್ನು ಮುಂದಿನಿಂದ, ಅಂದರೆ ಹಲ್ಲಿನ ಕಡೆಯಿಂದ, ಹಿಂದಕ್ಕೆ ತಳ್ಳುತ್ತದೆ. ಎರಡು ಗೋಡೆ ಮೇಲೆ ಇಟ್ಟ ತೊಲೆಯ ನಡುವೆ ಭಾರ ಹೇರಿದ ಹಾಗೆ. ತೊಲೆಯ ಮೇಲ್ಭಾಗ ಒತ್ತಿಹೋಗುತ್ತದೆ, ಕೆಳಭಾಗ ಹಿಗ್ಗುತ್ತದೆ. ಬ್ಲೇಡ್‌ನಲ್ಲಿ ಒತ್ತಿಹೋಗುವ ಕಡೆ ಯಾವುದು? ಹಲ್ಲಿನ ಅಂಚು. ಬೆನ್ನಿನ ಅಂಚು ಇನ್ನೂ ಬಿಗಿಯಾಗುತ್ತದೆ, ಹಲ್ಲಿನ ಅಂಚು ಸಡಿಲವಾಗುತ್ತದೆ. ಸಡಿಲವಾದ ತೆಳು ತಗಡು ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಹಲ್ಲು ಯಾವ ಕಡೆ ಮಗುಚಿತೋ ಆ ಕಡೆ ಮರ ಕೊಯ್ಯುತ್ತಾ ಹೋಗುತ್ತದೆ.

ಕೈಯಲ್ಲೇ ನೋಡಬೇಕಾ? ರಟ್ಟಿನ ಬಾಕ್ಸ್ ಕಟ್ಟಿ ಬರುವ ಪ್ಲಾಸ್ಟಿಕ್ ಪಟ್ಟಿ ಒಂದು ಅಡಿ ತಗೊಳ್ಳಿ. ಎರಡು ತುದಿ ಹಿಡಿದು, ಸಡಿಲ ಬಿಟ್ಟು, ಅದರ ಅಂಚನ್ನು ಮೇಜಿನ ಮೂಲೆಗೆ ಒತ್ತಿ. ತಕ್ಷಣ ತಿರುಚಿ ಮಲಗುತ್ತದೆ. ಈಗ ಎರಡೂ ಕೈಯಿಂದ ಜೋರಾಗಿ ಎಳೆದು ಹಿಡಿದು ಒತ್ತಿ. ಅಂಚಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಪಟ್ಟಿ ಅದೇ, ಎಳೆತ ಮಾತ್ರ ಬೇರೆ.

ಗೈಡ್ ಏನು ಮಾಡುತ್ತದೆ ಅಂದರೆ, ಆ ಒಂಟಿ ಭಾಗದ ಉದ್ದ ಕಡಿಮೆ ಮಾಡುತ್ತದೆ. ಅದೂ ಬೇಕು. ಆದರೆ ಮರದ ಒಳಗೆ ಗೈಡ್ ಇಲ್ಲ. 8 ಇಂಚು ದಪ್ಪದ ದಿಮ್ಮಿ ಒಳಗೆ ಬ್ಲೇಡ್‌ಗೆ ಇರುವುದು ತನ್ನ ಎಳೆತ ಮಾತ್ರ.

ಬೆಳಿಗ್ಗೆ ನೇರವಾಗಿ ಕೊಯ್ಯುತ್ತೆ, ಊಟದ ಹೊತ್ತಿಗೆ ಅಲೆ ಅಲೆ ಬರುತ್ತೆ. ಯಾಕೆ?

ಶಾಖ. ಮಿಲ್‌ಗಳಲ್ಲಿ ಇದು ಅತಿ ಸಾಮಾನ್ಯ ತೊಂದರೆ, ಜನ ಅತಿ ಕಡಿಮೆ ಅನುಮಾನ ಪಡುವುದೂ ಇದನ್ನೇ.

ಕೊಯ್ಯುವುದು ಹಲ್ಲು, ಬಿಸಿಯಾಗುವುದೂ ಹಲ್ಲಿನ ಅಂಚು. ಬೆನ್ನು ಅಷ್ಟು ಬಿಸಿಯಾಗುವುದಿಲ್ಲ. ಬಿಸಿಯಾದ ಉಕ್ಕು ಹಿಗ್ಗುತ್ತದೆ. ಒಂದೇ ಬ್ಲೇಡ್‌ನಲ್ಲಿ ಮುಂದಿನ ಅಂಚು ಉದ್ದವಾಯಿತು, ಹಿಂದಿನದು ಹಾಗೇ ಇದೆ ಅಂದರೆ ಮುಂದಿನದು ಸಡಿಲವಾಯಿತು ಅಂತ ಅರ್ಥ.

ಎಷ್ಟು ಸಡಿಲ ಅಂತ ಲೆಕ್ಕ ಹಾಕಬಹುದು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11.5 ಭಾಗ ಹಿಗ್ಗುತ್ತದೆ. ಹಲ್ಲಿನ ಅಂಚು ಉಳಿದ ಬ್ಲೇಡ್‌ಗಿಂತ 40 ಡಿಗ್ರಿ ಜಾಸ್ತಿ ಬಿಸಿ ಆಯಿತು ಅಂದುಕೊಳ್ಳಿ. ಒಂದು ಚದರ ಮಿ.ಮೀ.ಗೆ ಸುಮಾರು 9 ಕೆಜಿ ಎಳೆತ ಕಳೆದುಹೋಗುತ್ತದೆ. ನೀವು ಬೆಳಿಗ್ಗೆ ಕೊಟ್ಟಿದ್ದೇ 10 ಕೆಜಿ ಆಗಿದ್ದರೆ ಹಲ್ಲಿಗೆ ಉಳಿದಿದ್ದು 1 ಕೆಜಿ. ಗೇಜ್ ಮಾತ್ರ ಹೆಚ್ಚುಕಡಿಮೆ ಹಳೇ ನಂಬರನ್ನೇ ತೋರಿಸುತ್ತಿರುತ್ತದೆ!

ಅದಕ್ಕೇ ಮೊಂಡು ಹಲ್ಲು ಇಷ್ಟು ತೊಂದರೆ ಕೊಡುವುದು. ಮೊಂಡು ಹಲ್ಲು ಜಾಸ್ತಿ ಉಜ್ಜುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಜೊತೆಗೆ ನೀವು ಜಾಸ್ತಿ ತಳ್ಳುತ್ತೀರಿ. ಎರಡೂ ಸೇರಿ ಅದೇ ಅಂಚನ್ನು ಸಡಿಲ ಮಾಡುತ್ತವೆ. ನಮ್ಮ ಮಿಲ್‌ನ ಹಿರಿಯ ಮೇಸ್ತ್ರಿಯೊಬ್ಬರು ಕೊಯ್ತ ಅಲೆ ಬಂದರೆ ಟೆನ್ಷನ್, ಅಂದರೆ ಬ್ಲೇಡ್‌ಗೆ ಕೊಟ್ಟ ಎಳೆತ, ಮುಟ್ಟುತ್ತಿರಲಿಲ್ಲ. ಮೊದಲು ಮೆಷಿನ್ ನಿಲ್ಲಿಸಿ ಬ್ಲೇಡ್ ಇಳಿಸಿ ಸಾಣೆಗೆ ಕಳಿಸುತ್ತಿದ್ದರು. ಆಗ ನನಗೆ ಅದು ಮೊಂಡುತನ ಅನ್ನಿಸುತ್ತಿತ್ತು.

ಬ್ಲೇಡನ್ನು ರೋಲಿಂಗ್ ಮಾಡಿಸುವುದು ಅಂದರೇನು? ಸುಮ್ನೆ ದುಡ್ಡು ಕೀಳುವ ಕೆಲಸವಾ?

ಸಣ್ಣ ಬ್ಲೇಡ್‌ಗೆ ಅದು ಬೇಕಿಲ್ಲ. ಅಗಲ ಬ್ಲೇಡ್‌ಗೆ ಅದಿಲ್ಲದೆ ನಡೆಯುವುದಿಲ್ಲ.

ಬಿಸಿಯಾದರೆ ಹಲ್ಲಿನ ಅಂಚು ಸಡಿಲವಾಗುತ್ತದೆ ಅಂತ ಗೊತ್ತಾಯಿತಲ್ಲ. ಹಾಗಾದರೆ ತಣ್ಣಗಿದ್ದಾಗಲೇ ಆ ಅಂಚಿಗೆ ಉಳಿದ ಭಾಗಕ್ಕಿಂತ ಜಾಸ್ತಿ ಬಿಗಿ ಕೊಟ್ಟಿಟ್ಟರೆ? ಅದೇ ಉಪಾಯ. ಎರಡು ಗಟ್ಟಿ ರೋಲರ್ ನಡುವೆ ಬ್ಲೇಡ್‌ನ ನಡುಭಾಗವನ್ನು ಒತ್ತಿ ಓಡಿಸುತ್ತಾರೆ. ನಡುಭಾಗ ಕೂದಲೆಳೆಯಷ್ಟು ಉದ್ದವಾಗುತ್ತದೆ. ಅಂಚುಗಳು ಹಾಗೇ ಉಳಿಯುತ್ತವೆ. ಚಕ್ರಕ್ಕೆ ಹಾಕಿ ಎಳೆದಾಗ ಗಿಡ್ಡ ಇರುವ ಅಂಚುಗಳೇ ಮೊದಲು ಬಿಗಿಯಾಗುತ್ತವೆ, ನಡುಭಾಗ ಆಮೇಲೆ. ರೋಲರ್ ಇಲ್ಲದ ಕಾಲದಲ್ಲಿ ಇದನ್ನೇ ಅಡಿಗಲ್ಲಿನ ಮೇಲೆ ಸುತ್ತಿಗೆಯಿಂದ ಮಾಡುತ್ತಿದ್ದರು. ಬೆನ್ನಿನ ಅಂಚನ್ನೂ ಹಲ್ಲಿನ ಅಂಚಿಗಿಂತ ಚೂರು ಉದ್ದ ಬಿಡುತ್ತಾರೆ, ಹಲ್ಲಿನ ಕಡೆಗೇ ಜಾಸ್ತಿ ಬಿಗಿ ಸಿಗಲಿ ಅಂತ.

ನೋಡುವುದು ಸುಲಭ. ಬ್ಲೇಡನ್ನು ಬೆಂಚಿನ ಮೇಲೆ ಸ್ವಲ್ಪ ಬಾಗಿಸಿ ಎತ್ತಿ, ಅಡ್ಡಲಾಗಿ ನೇರ ಪಟ್ಟಿ ಇಟ್ಟು, ಆ ಕಡೆಯಿಂದ ಬೆಳಕು ಬಿಡಿ. ರೋಲಿಂಗ್ ಸರಿ ಇದ್ದರೆ ನಡುವೆ ಬೆಳಕಿನ ತೆಳು ಗೆರೆ ಕಾಣುತ್ತದೆ. ಅಂಚುಗಳು ಪಟ್ಟಿಗೆ ಮುಟ್ಟಿರುತ್ತವೆ. ಬೆಳಕೇ ಇಲ್ಲ ಅಂದರೆ ಬ್ಲೇಡ್ ಒಳಗಿನ ಬಿಗಿ ಹೋಗಿದೆ. ಸಾಣೆ ಹಿಡಿದಷ್ಟೂ ಹಲ್ಲಿನ ಅಂಚು ಸವೆಯುತ್ತದೆ, ಓಡಿದಷ್ಟೂ ಬಿಗಿ ಬಿಡುತ್ತದೆ. ಹಾಗಾಗಿ ಒಂದು ಸಲ ಮಾಡಿಸಿ ಮರೆಯುವ ಕೆಲಸ ಅಲ್ಲ ಇದು.

ಎಷ್ಟು ಟೆನ್ಷನ್ ಕೊಡಬೇಕು?

ಮರಕ್ಕೆ ಬಳಸುವ ಸಾದಾ ಕಾರ್ಬನ್ ಬ್ಲೇಡ್‌ಗೆ ಚದರ ಮಿ.ಮೀ.ಗೆ 10ರಿಂದ 14 ಕೆಜಿ. ಬೈಮೆಟಲ್ (ಮೈಗೆ ಒಂದು ಉಕ್ಕು, ಹಲ್ಲಿಗೆ ಇನ್ನೂ ಗಡುಸಾದ ಉಕ್ಕು) ಬ್ಲೇಡ್‌ಗೆ 17ರಿಂದ 20.

ಇದು ಎಷ್ಟು ಭಾರ ಅಂತ ಅಂದಾಜು ಸಿಗಲಿ. 12 ಮಿ.ಮೀ. ಅಗಲ, 0.6 ಮಿ.ಮೀ. ದಪ್ಪದ ಬ್ಲೇಡ್ ತಗೊಳ್ಳಿ. ಹಲ್ಲಿನ ನಡುವಿನ ಗುಳಿ ಕಳೆದರೆ ಗಟ್ಟಿ ಉಕ್ಕು ಉಳಿಯುವುದು ಸುಮಾರು 10 ಮಿ.ಮೀ. ಅಂದರೆ 6 ಚದರ ಮಿ.ಮೀ. ಹತ್ತು ಕೆಜಿಯ ಲೆಕ್ಕದಲ್ಲಿ 60 ಕೆಜಿ. ಚಕ್ರದ ಎರಡೂ ಕಡೆ ಬ್ಲೇಡ್ ಇದೆ, ಹಾಗಾಗಿ ಚಕ್ರದ ಮೇಲೆ 120 ಕೆಜಿ. ಇದೇ ಲೆಕ್ಕ 4 ಇಂಚಿನ ಮಿಲ್ ಬ್ಲೇಡ್‌ಗೆ ಹಾಕಿ: ಚಕ್ರದ ಮೇಲೆ ಒಂದೂವರೆ ಟನ್‌ಗೂ ಜಾಸ್ತಿ.

ಸಣ್ಣ ಮೆಷಿನ್ ಮೇಲಿನ ಟೆನ್ಷನ್ ಸ್ಕೇಲನ್ನು ಪೂರ್ತಿ ನಂಬಬೇಡಿ. ಅದು ತೋರಿಸುವುದು ಸ್ಪ್ರಿಂಗ್ ಎಷ್ಟು ಕುಗ್ಗಿದೆ ಅನ್ನುವುದನ್ನು. ಹಳೇ ಸ್ಪ್ರಿಂಗ್ ಸುಳ್ಳು ಹೇಳುತ್ತದೆ. ಅಗಲ ಬ್ಲೇಡ್ ಹಾಕಿದಾಗ ಕೆಲವು ಮೆಷಿನ್‌ನಲ್ಲಿ ಸ್ಪ್ರಿಂಗ್ ಪೂರ್ತಿ ಕೂತುಬಿಡುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಸ್ಕೇಲ್ ಅಲ್ಲೇ.

ನಿಜವಾಗಿ ಅಳೆಯಬೇಕಾದರೆ 12 ಇಂಚಿನ ವರ್ನಿಯರ್ (ಎರಡು ದವಡೆ ಇರುವ ಸೂಕ್ಷ್ಮ ಅಳತೆಪಟ್ಟಿ) ಸಾಕು. ಬ್ಲೇಡನ್ನು ಅದರ ಜೋಲು ಇಲ್ಲವಾಗುವಷ್ಟು ಮಾತ್ರ ಎಳೆಯಿರಿ. ವರ್ನಿಯರ್‌ನ ಎರಡು ದವಡೆಗಳನ್ನು 250 ಮಿ.ಮೀ. ಅಂತರಕ್ಕೆ ಬಿಡಿಸಿ, ಸಣ್ಣ ಕ್ಲಾಂಪ್‌ಗಳಿಂದ ಬ್ಲೇಡ್‌ಗೆ ಕಚ್ಚಿಸಿ. ಲಾಕ್ ಸ್ಕ್ರೂ ಸಡಿಲ ಇರಲಿ. ಓದಿಕೊಳ್ಳಿ. ಈಗ ಟೆನ್ಷನ್ ಕೊಡುತ್ತಾ ಹೋಗಿ. ಬ್ಲೇಡ್ 0.12 ಮಿ.ಮೀ. ಹಿಗ್ಗಿದಾಗ ಸುಮಾರು 10 ಕೆಜಿ ಬಂದಿದೆ ಅಂತ. 0.02ರ ವರ್ನಿಯರ್‌ನಲ್ಲಿ ಆರು ಗೆರೆ. ನಾನು ಮೊದಲ ಸಲ ಹೀಗೆ ಅಳೆದಾಗ ಮೂರೂ ಗೆರೆ ದಾಟಿರಲಿಲ್ಲ. ಸ್ಕೇಲ್ ಮಾತ್ರ ಫುಲ್ ತೋರಿಸುತ್ತಿತ್ತು. ಅಳೆದ ಮೇಲೆ ಕ್ಲಾಂಪ್, ವರ್ನಿಯರ್ ಎಲ್ಲಾ ತೆಗೆಯುವವರೆಗೆ ಪ್ಲಗ್ ಹಾಕಬೇಡಿ, ಇದನ್ನು ಎರಡು ಸಲ ಓದಿ.

ಬೆರಳಲ್ಲಿ ಮೀಟಿ ಶಬ್ದ ಕೇಳುವವರೂ ಇದ್ದಾರೆ. ಅದೇ ಮೆಷಿನ್, ಅದೇ ಅಗಲದ ಬ್ಲೇಡ್ ಆದರೆ ಕಿವಿಗೆ ಅಭ್ಯಾಸ ಆಗುತ್ತದೆ. ಹೊಸಬರಿಗೆ ಅದು ತಂಬೂರಿ ಅಷ್ಟೇ.

ಹಾಗಾದರೆ ಇನ್ನೂ ಜಾಸ್ತಿ ಎಳೆದರೆ ಇನ್ನೂ ನೇರ ಕೊಯ್ಯುತ್ತಾ?

ಸ್ವಲ್ಪ ದೂರ ಹೌದು. ಆಮೇಲೆ ಬ್ಲೇಡ್ ಬಿರುಕು ಬಿಡುತ್ತದೆ.

ಬ್ಲೇಡ್ ಚಕ್ರದ ಮೇಲೆ ಬಾಗುವಾಗಲೂ ಎಳೆತ ಹುಟ್ಟುತ್ತದೆ, ನೀವು ಕೊಟ್ಟಿದ್ದರ ಜೊತೆಗೆ ಅದೂ ಸೇರುತ್ತದೆ. 36 ಇಂಚಿನ ಚಕ್ರದ ಮೇಲೆ 0.9 ಮಿ.ಮೀ. ಬ್ಲೇಡ್ ಬಾಗಿದರೆ ಹೊರಮೈಯಲ್ಲಿ ಚದರ ಮಿ.ಮೀ.ಗೆ ಸುಮಾರು 20 ಕೆಜಿ. ಅದೇ ಬ್ಲೇಡನ್ನು 14 ಇಂಚಿನ ಚಕ್ರಕ್ಕೆ ಹಾಕಿದರೆ 50 ಕೆಜಿ! ದಪ್ಪ ಬ್ಲೇಡ್ ಗಟ್ಟಿ ಅಂತ ಸಣ್ಣ ಮೆಷಿನ್‌ಗೆ ತಂದು ಹಾಕುವವರು ವಾರಕ್ಕೊಂದು ಬ್ಲೇಡ್ ತುಂಡಾಯಿತು ಅಂತ ಗೋಳಾಡುವುದು ಇದಕ್ಕೇ. ಬ್ಲೇಡ್ ದಪ್ಪ ಚಕ್ರದ ವ್ಯಾಸದ ಸಾವಿರದಲ್ಲಿ ಒಂದು ಭಾಗದ ಆಸುಪಾಸು ಇರಲಿ ಅನ್ನುವುದು ಮಿಲ್‌ಗಳ ಹಳೇ ಲೆಕ್ಕ. 36 ಇಂಚು ಅಂದರೆ 914 ಮಿ.ಮೀ., ಅದಕ್ಕೆ 0.9. ಸಣ್ಣ ಮೆಷಿನ್‌ನಲ್ಲಿ ಇದನ್ನು ಪೂರ್ತಿ ಪಾಲಿಸಲು ಆಗುವುದಿಲ್ಲ. 14 ಇಂಚಿಗೆ 0.5 ಅಥವಾ 0.6 ಮಿ.ಮೀ. ಹಾಕಿ, ಬ್ಲೇಡ್ ಆಯುಸ್ಸು ಕಡಿಮೆ ಅಂತ ಒಪ್ಪಿಕೊಳ್ಳಬೇಕು.

ಬಾಗುವುದೂ ಎಷ್ಟು ಸಲ ಅಂತೀರಿ! 36 ಇಂಚಿನ ಚಕ್ರ ನಿಮಿಷಕ್ಕೆ 600 ಸುತ್ತು ತಿರುಗಿದರೆ ಬ್ಲೇಡ್ ಸೆಕೆಂಡಿಗೆ ಸುಮಾರು 29 ಮೀಟರ್ ಓಡುತ್ತದೆ. ಬ್ಲೇಡ್ ಉದ್ದ 7 ಮೀಟರ್ ಇದ್ದರೆ ಸೆಕೆಂಡಿಗೆ ನಾಲ್ಕು ಸುತ್ತು, ಸುತ್ತಿಗೆ ಎರಡು ಬಾಗು. ಗಂಟೆಗೆ ಹತ್ತಿರ ಹತ್ತಿರ 29 ಸಾವಿರ ಸಲ.

ಲಂಡನ್ನಿನ ವಿಲಿಯಂ ನ್ಯೂಬೆರಿ ಎಂಬಾತ 1809ರ ಹೊತ್ತಿಗೇ ಬ್ಯಾಂಡ್ ಸಾಗೆ ಪೇಟೆಂಟ್ ಪಡೆದಿದ್ದ. ಮೆಷಿನ್ ಮಾತ್ರ ನಡೆಯಲಿಲ್ಲ. ಹೀಗೆ ಬಾಗಿ ಬಾಗಿ ಬ್ಲೇಡೋ ಬೆಸುಗೆಯೋ ಬಿಟ್ಟುಕೊಳ್ಳುತ್ತಿತ್ತು. ಸುಮಾರು 40 ವರ್ಷ ಆದ ಮೇಲೆ, 1846ರಲ್ಲಿ, ಫ್ರಾನ್ಸಿನ ಆನ್ ಪೋಲಿನ್ ಕ್ರೆಪಾನ್ ಎಂಬ ಹೆಣ್ಣುಮಗಳು ತಾಳುವಂಥ ಬೆಸುಗೆಗೆ ಪೇಟೆಂಟ್ ಅರ್ಜಿ ಹಾಕಿದಳು. ಅದರ ಹಕ್ಕನ್ನು ಪ್ಯಾರಿಸ್ಸಿನ ಪೆರಾನ್ ಕಂಪನಿ ಕೊಂಡುಕೊಂಡಿತು. ಆಮೇಲೇ ಈ ಮೆಷಿನ್ ಕಾರ್ಖಾನೆಗೆ ಬಂದಿದ್ದು.

ಸಂಜೆ ಟೆನ್ಷನ್ ಇಳಿಸಬೇಕಾ?

ಮಿಲ್‌ನಲ್ಲಿ ಇಳಿಸಲೇಬೇಕು. 7 ಮೀಟರ್ ಬ್ಲೇಡ್ ಕೆಲಸ ಮಾಡುತ್ತಾ 30 ಡಿಗ್ರಿ ಬಿಸಿಯಾದರೆ 2.4 ಮಿ.ಮೀ. ಉದ್ದವಾಗುತ್ತದೆ. ಸನ್ನೆಕೋಲಿಗೆ ತೂಕ ನೇತುಹಾಕಿದ ಮೆಷಿನ್ ಆದರೆ ಮೇಲಿನ ಚಕ್ರ ತಾನೇ ಮೇಲೇರಿ ಆ ಜೋಲನ್ನು ಎಳೆದುಕೊಳ್ಳುತ್ತದೆ. ಬರೀ ಸ್ಕ್ರೂ ಇರುವ ಮೆಷಿನ್‌ನಲ್ಲಿ ನೀವೇ ಮತ್ತೆ ಬಿಗಿ ಮಾಡುತ್ತೀರಿ. ರಾತ್ರಿ ಬ್ಲೇಡ್ ತಣ್ಣಗಾಗಿ ಕುಗ್ಗುತ್ತದೆ, ಸ್ಕ್ರೂ ಬಿಟ್ಟುಕೊಡುವುದಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಹಲ್ಲಿನ ಬುಡದಲ್ಲಿ ಬಿರುಕು.

ಮನೆಯ ಸಣ್ಣ ಮೆಷಿನ್‌ಗೆ ಬೇರೆ ಕಾರಣ. ಒಂದೇ ಕಡೆ ಒತ್ತಿ ಒತ್ತಿ ರಬ್ಬರ್ ಟೈರ್‌ನಲ್ಲಿ ಗುಳಿ ಬೀಳುತ್ತದೆ. ವಾರಗಟ್ಟಲೆ ಬಳಸದಿದ್ದರೆ ಇಳಿಸಿ. ಇಳಿಸಿದ್ದೀರಿ ಅಂತ ಒಂದು ಚೀಟಿ ನೇತುಹಾಕಿ. ಮರೆತು ಆನ್ ಮಾಡಿದರೆ ಬ್ಲೇಡ್ ಕಳಚುತ್ತದೆ.

ಬ್ಲೇಡ್ ಬದಲಿಸುವಾಗ ಯಾವುದು ಮೊದಲು, ಯಾವುದು ಆಮೇಲೆ?

ಪ್ಲಗ್ ಕಿತ್ತು ಶುರು ಮಾಡಿ. ಎಲ್ಲಾ ಗೈಡ್‌ಗಳನ್ನೂ ಹಿಂದೆ ಸರಿಸಿ, ಬ್ಲೇಡ್‌ಗೆ ಯಾವುದೂ ಮುಟ್ಟಬಾರದು. ಬ್ಲೇಡ್ ಹಾಕಿ, ಪೂರ್ತಿ ಟೆನ್ಷನ್ ಕೊಡಿ. ಆಮೇಲೆ ಟ್ರ್ಯಾಕಿಂಗ್. ಕೊನೆಗೆ ಗೈಡ್. ಅರ್ಧ ಟೆನ್ಷನ್‌ನಲ್ಲಿ ಟ್ರ್ಯಾಕ್ ಮಾಡಿ ಆಮೇಲೆ ಬಿಗಿ ಮಾಡಿದರೆ ಚಕ್ರದ ವಾಲು ಬದಲಾಗುತ್ತದೆ, ಮಾಡಿದ್ದೆಲ್ಲಾ ದಂಡ.

ಗೈಡ್ ಎಷ್ಟು ಹತ್ತಿರ ಇರಬೇಕು?

ಪಕ್ಕದ ಗೈಡ್‌ಗೂ ಬ್ಲೇಡ್‌ಗೂ ನಡುವೆ ಒಂದು ಕಾಗದ ಹೋಗುವಷ್ಟು. ಹಿಂದಿನ ಬೇರಿಂಗ್‌ಗೆ ಅರ್ಧ ಮಿ.ಮೀ. ಬಿಡಿ. ಖಾಲಿ ಓಡುವಾಗ ಆ ಬೇರಿಂಗ್ ತಿರುಗಬಾರದು, ಮರ ತಳ್ಳಿದಾಗ ಮಾತ್ರ ತಿರುಗಬೇಕು. ಯಾವಾಗಲೂ ತಿರುಗುತ್ತಿದ್ದರೆ ಬ್ಲೇಡ್‌ನ ಬೆನ್ನು ಉಜ್ಜಿ ಬಿಸಿಯಾಗಿ ಗಡುಸಾಗುತ್ತದೆ, ಅಲ್ಲಿಂದ ಬಿರುಕು. ಪಕ್ಕದ ಗೈಡ್ ಹಲ್ಲಿನ ಗುಳಿಯಿಂದ ಸ್ವಲ್ಪ ಹಿಂದೆ ನಿಲ್ಲಲಿ, ಇಲ್ಲದಿದ್ದರೆ ಹಲ್ಲಿನ ಸೆಟ್ ಹಾಳು. ಮೇಲಿನ ಗೈಡ್ ಮರಕ್ಕಿಂತ 5 ಮಿ.ಮೀ. ಮೇಲೆ. ಗೈಡ್ ಮೇಲಕ್ಕೆ ಎತ್ತಿಟ್ಟು ತೆಳು ಹಲಗೆ ಕೊಯ್ಯುವುದು ಬೆರಳಿಗೂ ಒಳ್ಳೆಯದಲ್ಲ, ಕೊಯ್ತಕ್ಕೂ ಅಲ್ಲ.

ಫೆನ್ಸ್ (ಮರ ಒರಗಿಸಿ ತಳ್ಳುವ ನೇರ ಪಟ್ಟಿ) ನೆಟ್ಟಗಿದೆ, ಬ್ಲೇಡ್ ಮಾತ್ರ ಒಂದು ಕಡೆಗೇ ಎಳೆಯುತ್ತೆ.

ಮೊದಲು ಹಲ್ಲು ನೋಡಿ. ಒಂದು ಪಕ್ಕದ ಹಲ್ಲುಗಳಿಗೆ ಸೆಟ್ ಜಾಸ್ತಿ ಇದ್ದರೆ ಬ್ಲೇಡ್ ಆ ಕಡೆ ಎಳೆಯುತ್ತದೆ. ಒಂದು ಪಕ್ಕ ಮೊಂಡಾಗಿದ್ದರೆ ಚೂಪು ಇರುವ ಪಕ್ಕಕ್ಕೆ ಎಳೆಯುತ್ತದೆ. ದಿಮ್ಮಿಯಲ್ಲಿ ಯಾರೋ ಹೊಡೆದ ಮೊಳೆಗೆ ಬ್ಲೇಡ್ ಪಕ್ಕದಿಂದ ತಾಗಿದರೆ ಹೀಗಾಗುವುದು ಖಂಡಿತ. ರಸ್ತೆ ಬದಿಯ ಮರ, ಬೇಲಿ ಪಕ್ಕದ ಮರ ಅಂದರೆ ನನಗೆ ಇವತ್ತಿಗೂ ಭಯ.

ಹಲ್ಲು ಸರಿ ಇದ್ದರೆ ಬ್ಲೇಡ್ ಚಕ್ರದ ಮೇಲೆ ಎಲ್ಲಿ ಕೂತಿದೆ ನೋಡಿ. ಉಬ್ಬು ಟೈರ್‌ನ ಇಳಿಜಾರಿನಲ್ಲಿ ಕೂತ ಬ್ಲೇಡ್ ಸ್ವಲ್ಪ ಓರೆಯಾಗಿ ಮುಖ ಮಾಡುತ್ತದೆ. ಹಲ್ಲಿನ ಗುಳಿಯನ್ನು ಉಬ್ಬಿನ ನೆತ್ತಿಗೆ ತಂದು ನೋಡಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಎಳೆತವೂ ಹಲ್ಲಿನ ಕಡೆಗೇ ಜಾಸ್ತಿ ಸಿಗುತ್ತದೆ.

ಆದರೂ ಎಳೆದರೆ ಫೆನ್ಸನ್ನೇ ತಿರುಗಿಸಿ. ಉದ್ದ ಹಲಗೆಯ ಅಂಚಿಗೆ ಸಮನಾಗಿ ಒಂದು ಗೆರೆ ಹಾಕಿ. ಫೆನ್ಸ್ ತೆಗೆದಿಟ್ಟು, ಗೆರೆ ಮೇಲೇ ಹೋಗುವ ಹಾಗೆ ಕೈಯಲ್ಲಿ ನಡೆಸುತ್ತಾ ಅರ್ಧ ಕೊಯ್ಯಿರಿ. ಹಲಗೆ ಅಲುಗಿಸದೆ ಮೆಷಿನ್ ಆಫ್ ಮಾಡಿ. ಹಲಗೆ ಅಂಚಿನ ಓರೆಯನ್ನು ಟೇಬಲ್ ಮೇಲೆ ಪೆನ್ಸಿಲ್‌ನಲ್ಲಿ ಗುರುತಿಸಿ, ಅದಕ್ಕೆ ಫೆನ್ಸ್ ಹೊಂದಿಸಿ. ಬ್ಲೇಡ್ ಬದಲಾದರೆ ಓರೆಯೂ ಬದಲು.

ದಪ್ಪ ಮರ ಸೀಳುವಾಗ ಹಲಗೆ ಮೇಲೆ ಕೆಳಗೆ ಸರಿ ಇದೆ, ನಡುವೆ ಹೊಟ್ಟೆ ಬರುತ್ತೆ.

ಒಂದೋ ಟೆನ್ಷನ್ ಸಾಲದು, ಇಲ್ಲವೇ ಮರದ ಪುಡಿಗೆ ಜಾಗ ಸಾಲದು. ಹಲ್ಲಿನ ಗುಳಿ ಪುಡಿಯನ್ನು ಹೊತ್ತು ಮರದಿಂದ ಹೊರಗೆ ಹಾಕಬೇಕು. ಸಣ್ಣ ಹಲ್ಲಿನ ಬ್ಲೇಡ್‌ನಲ್ಲಿ ಗುಳಿ ಅರ್ಧ ದಾರಿಯಲ್ಲೇ ತುಂಬುತ್ತದೆ. ತುಂಬಿದ ಪುಡಿ ಪಕ್ಕಕ್ಕೆ ಸೋರಿ ಬ್ಲೇಡನ್ನು ತಳ್ಳುತ್ತದೆ. ನೀವು ಇನ್ನೂ ಒತ್ತುತ್ತೀರಿ. 6 ಇಂಚು ಮರಕ್ಕೆ ಇಂಚಿಗೆ 3 ಹಲ್ಲಿನ ಬ್ಲೇಡ್ ಹಾಕಿ, ನಿಧಾನ ತಳ್ಳಿ. ಹಸಿ ಮರಕ್ಕೆ ಸೆಟ್ ಜಾಸ್ತಿ ಬೇಕು, ಒಣಗಿದ ಗಟ್ಟಿ ಮರಕ್ಕೆ ಕಡಿಮೆ ಸಾಕು.

ಓಡುವಾಗ ಟಿಕ್ ಟಿಕ್ ಅಂತ ಶಬ್ದ, ಸುತ್ತಿಗೊಮ್ಮೆ ಬ್ಲೇಡ್ ಹಿಂದೆ ಮುಂದೆ ಜಿಗಿಯುತ್ತೆ.

ಬೆಸುಗೆ ನೋಡಿ. ಒಂದು ಸಲ ಒಂದು ಅಂಗಡಿಯಲ್ಲಿ ಬ್ಲೇಡ್ ಅಳತೆ ಕೊಟ್ಟು ಬೆಸೆಸಿ ತಂದಿದ್ದೆ. ಎರಡು ದಿನ ಟ್ರ್ಯಾಕಿಂಗ್ ಜೊತೆ ಗುದ್ದಾಡಿದೆ. ಮೂರನೇ ದಿನ ಬ್ಲೇಡ್ ಇಳಿಸಿ, ಬೆಸುಗೆಯ ಹತ್ತಿರ ಬೆನ್ನಿಗೆ ಒಂದು ಅಡಿ ಸ್ಟೀಲ್ ಸ್ಕೇಲ್ ಹಿಡಿದೆ. ಎರಡು ತುದಿ ನೇರ ಕೂಡಿರಲಿಲ್ಲ, ಸ್ಕೇಲ್ ಒಂದು ಕಡೆಯಿಂದ ಇನ್ನೊಂದು ಕಡೆ ತೊಟ್ಟಿಲ ಹಾಗೆ ತೂಗುತ್ತಿತ್ತು. ಅಂಥ ಬ್ಲೇಡ್‌ನ ಒಂದು ಅಂಚು ಆ ಜಾಗದಲ್ಲಿ ಬಿಗಿ, ಇನ್ನೊಂದು ಸಡಿಲ. ಯಾವ ನಾಬ್ ತಿರುಗಿಸಿದರೂ ಸರಿಹೋಗುವುದಿಲ್ಲ. ಕತ್ತರಿಸಿ ಮತ್ತೆ ಬೆಸೆಸಬೇಕು. ಈಗ ಅಂಗಡಿಯಲ್ಲೇ ಸ್ಕೇಲ್ ಹಿಡಿದು ನೋಡಿ ದುಡ್ಡು ಕೊಡುತ್ತೇನೆ.

ಬೆಸುಗೆ ಸರಿ ಇದ್ದೂ ಟಿಕ್ ಅಂದರೆ ಎಲ್ಲೋ ಬಿರುಕು ಇದೆ. ತಕ್ಷಣ ನಿಲ್ಲಿಸಿ.

ಅಂಟು ಮರ ಕೊಯ್ದ ಮೇಲೆ ಬ್ಲೇಡ್ ಕುಣಿಯುತ್ತೆ.

ಪೈನ್ ಮರದ ರಾಳ, ರಬ್ಬರ್ ಅಥವಾ ಹಲಸಿನ ಹಾಲು, ಮರದ ಪುಡಿ ಸೇರಿ ಚಕ್ರದ ಮೇಲೆ ದೋಸೆ ಹಾಕಿದ ಹಾಗೆ ಗಟ್ಟಿಯಾಗುತ್ತದೆ. ಚಕ್ರದ ಆಕಾರವೇ ಬದಲಾಯಿತು ಅಂದಮೇಲೆ ಬ್ಲೇಡ್ ದಾರಿಯೂ ಬದಲು. ಮಿಲ್‌ನಲ್ಲಿ ಬ್ಲೇಡ್ ಮೇಲೆ ನೀರು ಅಥವಾ ಡೀಸೆಲ್ ತೊಟ್ಟಿಕ್ಕಿಸುವುದು, ಚಕ್ರಕ್ಕೆ ಕೆರೆಯುವ ಪಟ್ಟಿ ಇಡುವುದು ಇದಕ್ಕೇ. ಸಣ್ಣ ಮೆಷಿನ್‌ನ ರಬ್ಬರ್ ಟೈರ್‌ಗೆ ಡೀಸೆಲ್ ಹಾಕಬೇಡಿ, ರಬ್ಬರ್ ಉಬ್ಬುತ್ತದೆ. ಗಟ್ಟಿ ಬ್ರಶ್ ಸಾಕು.

ನೀಲಗಿರಿ ದಿಮ್ಮಿ ಬ್ಲೇಡನ್ನು ಕಚ್ಚಿ ಹಿಡಿಯುತ್ತೆ.

ಅದು ಬ್ಲೇಡ್ ತಪ್ಪಲ್ಲ. ನೀಲಗಿರಿ ಬೆಳೆಯುವಾಗಲೇ ಒಳಗೆ ಬಿಗಿ ತುಂಬಿಕೊಂಡಿರುತ್ತದೆ. ಸೀಳಿದಾಗ ಹಲಗೆಗಳು ಬಾಗುತ್ತವೆ, ಕೆಲವು ಸಲ ಕೊಯ್ತದ ಸಂದನ್ನೇ ಮುಚ್ಚುತ್ತವೆ. ಮೆಷಿನ್ ನಿಲ್ಲಿಸಿ ಸಂದಿಗೆ ಮರದ ಬೆಣೆ ಹೊಡೆಯಿರಿ. ಒಂದೇ ಕಡೆಯಿಂದ ಕೊಯ್ಯುತ್ತಾ ಹೋಗದೆ ದಿಮ್ಮಿ ತಿರುಗಿಸಿ ತಿರುಗಿಸಿ ಎರಡೂ ಕಡೆಯಿಂದ ತೆಗೆಯಿರಿ.

ಕೊಯ್ಯುತ್ತಿದ್ದ ಹಾಗೆ ಬ್ಲೇಡ್ ಚಕ್ರದಿಂದ ಕಳಚಿತು. ಏನು ಮಾಡಲಿ?

ಸ್ವಿಚ್ ಆಫ್ ಮಾಡಿ ಹಿಂದೆ ಸರಿಯಿರಿ. ಚಕ್ರ ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆಗೆಯಬೇಡಿ.

ಇದಕ್ಕೆ ದೊಡ್ಡ ಕಾರಣ, ಓಡುತ್ತಿರುವಾಗ ಮರವನ್ನು ಹಿಂದಕ್ಕೆ ಎಳೆಯುವುದು. ಬ್ಲೇಡ್ ಹಿಂದೆ ಹೋಗದ ಹಾಗೆ ಬೇರಿಂಗ್ ಇದೆ, ಮುಂದೆ ಬರದ ಹಾಗೆ ಏನೂ ಇಲ್ಲ. ವಾಪಸ್ ಬರಲೇಬೇಕಾದರೆ ಆಫ್ ಮಾಡಿ ಬನ್ನಿ.

ಕಬ್ಬಿಣ ಕೊಯ್ಯುವ ಬ್ಯಾಂಡ್ ಸಾಗೂ ಇದೇ ಲೆಕ್ಕವಾ?

ಮೂಲ ಅದೇ. ವೇಗ ಮಾತ್ರ ತೀರಾ ಕಡಿಮೆ. ಮೈಲ್ಡ್ ಸ್ಟೀಲ್‌ಗೆ ನಿಮಿಷಕ್ಕೆ 60ರಿಂದ 80 ಮೀಟರ್, ಸ್ಟೇನ್‌ಲೆಸ್‌ಗೆ ಅದರ ಅರ್ಧ. ಯಾವಾಗಲೂ ಕನಿಷ್ಠ ಮೂರು ಹಲ್ಲು ಲೋಹದಲ್ಲಿ ಇರಬೇಕು, ತೆಳು ಪೈಪಿಗೆ ದೊಡ್ಡ ಹಲ್ಲು ಹಾಕಿದರೆ ಹಲ್ಲು ಉದುರುತ್ತದೆ. ಅಡ್ಡ ಮೆಷಿನ್‌ನಲ್ಲಿ ಗೈಡ್‌ಗಳು ಬ್ಲೇಡನ್ನು ತಿರುಚಿ ನೆಟ್ಟಗೆ ನಿಲ್ಲಿಸುತ್ತವೆ, ಹಾಗಾಗಿ ಅಲ್ಲಿ ಗೈಡ್ ಕೆಲಸ ಮರದ ಮೆಷಿನ್‌ಗಿಂತ ಜಾಸ್ತಿ.

ಹೊಸ ಬ್ಲೇಡ್ ಹಾಕಿದೆ, ಟೆನ್ಷನ್ ಅಳೆದೆ, ಹಲ್ಲು ಚೂಪಾಗಿದೆ. ಆದ್ರೂ ಅದೇ ಕಾಯಿಲೆ!

ಬ್ಲೇಡ್ ತೆಗೆದು ಟೈರ್ ನೋಡಿ. ಚಕ್ರದ ಮೇಲೆ ಅಡ್ಡಲಾಗಿ ಸ್ಟೀಲ್ ಸ್ಕೇಲ್ ಇಡಿ. ನಡುವೆ ಮುಟ್ಟಿ ಎರಡೂ ಕಡೆ ಸಂದು ಕಂಡರೆ ಉಬ್ಬು ಉಳಿದಿದೆ. ಎರಡು ಅಂಚಿಗೆ ಮುಟ್ಟಿ ನಡುವೆ ಬೆಳಕು ಕಂಡರೆ ಬ್ಲೇಡ್ ಓಡಿ ಓಡಿ ಅಲ್ಲೊಂದು ಕಾಲುವೆ ತೋಡಿದೆ. ಈಗ ಎತ್ತರ ಇರುವುದು ಅಂಚುಗಳಲ್ಲಿ, ಬ್ಲೇಡ್ ಏರುವುದೂ ಆ ಕಡೆಗೇ. ಸವೆತ ಕಡಿಮೆ ಇದ್ದರೆ, ಪ್ಲಗ್ ಕಿತ್ತು, ಉದ್ದ ಪಟ್ಟಿಗೆ 80 ನಂಬರ್ ಉಪ್ಪುಕಾಗದ ಅಂಟಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಎರಡೂ ಅಂಚು ಉಜ್ಜಿ ಇಳಿಸಿ. ಉಗುರು ಒತ್ತಿದಾಗ ರಬ್ಬರ್ ಚೂರೂ ಕುಗ್ಗದೆ ಗಾಜಿನ ಹಾಗಿದ್ದರೆ ಉಜ್ಜುವುದು ದಂಡ, ಹೊಸ ಟೈರ್ ತನ್ನಿ. ಬಿಸಿನೀರಲ್ಲಿ ಹತ್ತು ನಿಮಿಷ ಮುಳುಗಿಸಿದರೆ ಹಾಕುವುದು ಸಲೀಸು. ಹಾಕುವಾಗ ಇನ್ನೊಬ್ಬರು ಕ್ಲಾಂಪ್ ಹಿಡಿದು ನಿಂತಿರಲಿ, ಒಂದು ತುದಿ ಕೂರಿಸುವಷ್ಟರಲ್ಲಿ ಇನ್ನೊಂದು ತುದಿ ಎದ್ದು ಮುಖಕ್ಕೆ ಹೊಡೆಯುತ್ತದೆ.